ಓದಿ ಹೇಳಲಾಯಿತು

ನನಗೆ ಒಂದು ವಾಕ್ಯದ ಮೇಲೆ ಬಹುಕಾಲದಿಂದ ಅನುಮಾನವಿದೆ. ಹೇಳಿಕೆ, ಕರಾರು, ಮಹಜರು, ಸಭೆಯ ನಡವಳಿ ಇತ್ಯಾದಿ ಕಾಗದಗಳ ಕೊನೆಯಲ್ಲಿ, ಹೆಬ್ಬೆಟ್ಟಿನ ನೀಲಿ ಗುರುತಿಗೆ ತುಸು ಮೇಲೆ, ಏನೂ ಅರಿಯದವನಂತೆ ಕೈಕಟ್ಟಿ ನಿಂತಿರುವ ವಾಕ್ಯ ಅದು: ‘ಓದಿ ಹೇಳಲಾಯಿತು; ಕೇಳಿ, ಸರಿಯಿದೆಯೆಂದು ಒಪ್ಪಿರುತ್ತೇನೆ.’ ಓದಿದವರು ಯಾರು? ಬರೆದದ್ದನ್ನೇ ಓದಿದರೋ, ಬರೆದಿರಬೇಕಾಗಿದ್ದುದನ್ನು ಓದಿದರೋ? ಊಟದ ಹೊತ್ತು ಮೀರುತ್ತಿದೆಯೆಂದು ನಡುವಿನ ನಾಲ್ಕು ಸಾಲು ಹಾರಿಸಿದರೋ? ಆ ವಾಕ್ಯ ಬಾಯಿ ಬಿಡುವುದಿಲ್ಲ. ಒಪ್ಪಿದವರ ಹೆಬ್ಬೆಟ್ಟು ಕಾಗದದ ಮೇಲೆ ಸ್ಪಷ್ಟವಾಗಿ ಮೂಡಿರುತ್ತದೆ. ಓದಿದವರ ಗುರುತು ಎಲ್ಲಿಯೂ ಇರುವುದಿಲ್ಲ. ಇಷ್ಟು ನಯವಾಗಿ ಜಾರಿಕೊಳ್ಳುವ ಕಸುಬು ಸರ್ಕಾರಿ ಕಾಗದಗಳಿಗೆ ಮಾತ್ರ ಗೊತ್ತಿದೆಯೆಂದು ನಾನು ನಂಬಿದ್ದೆ. ಹಂಗಳದ ಒಂದು ಜಗಲಿಯ ಮೇಲೆ ಕುಳಿತು, ನಾನು ಬರೆದದ್ದನ್ನು ನಾನೇ ಓದಿ ಹೇಳುವ ಪ್ರಸಂಗ ಬರುವವರೆಗೆ.

ಅನುಮಾನ ನನ್ನ ಹುಟ್ಟುಗುಣವೆಂದು ಮನೆಯವರು ಹೇಳುತ್ತಾರೆ. ವಿಶ್ವವಿದ್ಯಾನಿಲಯ ಕಲಿಸಿದ್ದೆಂದು ನಾನು ಹೇಳುತ್ತೇನೆ. ಸ್ನಾತಕೋತ್ತರ ತರಗತಿಯಲ್ಲಿ ಕುಳಿತು ನಾನು ಮುಖ್ಯವಾಗಿ ಕಲಿತದ್ದು ಒಂದೇ: ಯಾವ ಮಾತನ್ನೂ ಮುಖ ನೋಡಿ ನಂಬಬಾರದು, ಅದರ ಬೆನ್ನ ಹಿಂದೆ ಯಾರು ನಿಂತಿದ್ದಾರೆಂದು ಇಣುಕಿ ನೋಡಬೇಕು. ಪದವಿಯ ಜೊತೆಗೆ ‘ಉತ್ತರದಾಯಿತ್ವ’ ಎಂಬ ಪದವೂ ನನ್ನೊಡನೆ ಚಾಮರಾಜನಗರದ ಮನೆಗೆ ಬಂದು ಸೇರಿತು. ಬಸ್ಸು ತಡವಾದರೆ ಉತ್ತರದಾಯಿತ್ವ, ನಲ್ಲಿಯಲ್ಲಿ ನೀರು ಬಾರದಿದ್ದರೆ ಉತ್ತರದಾಯಿತ್ವ. ಒಮ್ಮೆ ಸಾರಿಗೆ ಉಪ್ಪು ಹೆಚ್ಚಾದಾಗ ‘ಇದಕ್ಕೆ ಹೊಣೆ ಯಾರು?’ ಎಂದು ಕೇಳಿದೆ. ಅಮ್ಮ ಸೌಟನ್ನು ತಂದು ನನ್ನ ಕೈಯಲ್ಲಿಟ್ಟಳು. ಮರುದಿನದಿಂದ ಸಾರಿನ ವಿಷಯದಲ್ಲಿ ಹೊಣೆಗಾರಿಕೆ ನಿಗದಿಯಾಯಿತು. ಉಪ್ಪು ಮಾತ್ರ ಇಂದಿಗೂ ನಿಗದಿಯಾಗಿಲ್ಲ.

ಇಂಥ ಸ್ವಭಾವದವಳಿಗೆ ತಕ್ಕ ಕೆಲಸವೇ ಸಿಕ್ಕಿತು. ವಯಸ್ಕರಿಗೆ ಓದುಬರಹ ಕಲಿಸುವ ಸಂಸ್ಥೆಯೊಂದು ತನ್ನ ಕಲಿಕಾ ಕೇಂದ್ರಗಳನ್ನು ಪರಿಶೀಲಿಸಿ ವರದಿ ಕೊಡಲು ನನ್ನನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡಿತು. ಅನುಮಾನಪಡುವುದಕ್ಕೆ ಸಂಬಳ ಬರುತ್ತದೆಯೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಅವರ ಕಲಿಸುವ ಕ್ರಮ ಕೇಳಲು ಚೆಂದ. ಅಲ್ಲಿ ಅರಸ, ಆನೆ ಎಂದು ಮೊದಲಿಡುವುದಿಲ್ಲ. ಕಲಿಯಲು ಬಂದವಳು ತನ್ನ ಬದುಕಿನ ಒಂದು ಪ್ರಸಂಗವನ್ನು ಹೇಳುತ್ತಾಳೆ. ಕಲಿಸುವವಳು ಅದನ್ನು ಆಡಿದ ಮಾತಿನಲ್ಲಿಯೇ, ಗ್ರಾಂಥಿಕಕ್ಕೆ ತಿದ್ದದೆ, ಗೋಡೆಯ ದೊಡ್ಡ ಹಾಳೆಯ ಮೇಲೆ ಬರೆಯುತ್ತಾಳೆ. ಬೆರಳಿಟ್ಟು ಓದಿ ತೋರಿಸುತ್ತಾಳೆ. ಹೇಳಿದವಳು ತನ್ನ ಮಾತನ್ನು ತಾನೇ ಓದುತ್ತಾಳೆ. ಆಮೇಲೆ ಸಾಲುಗಳನ್ನು ಪದಗಳಾಗಿ ಕತ್ತರಿಸಿ, ಪದಗಳನ್ನು ಕಲಸಿ ಮತ್ತೆ ಜೋಡಿಸಿ, ಕೊನೆಗೆ ಅಕ್ಷರಕ್ಕೆ ಇಳಿಯುತ್ತಾರೆ. ಬಾಯಿಂದ ಹೊರಟ ಮಾತು ಗೋಡೆಯನ್ನು ಸುತ್ತಿ, ಕಣ್ಣಿನ ದಾರಿಯಿಂದ ಮತ್ತೆ ಬಾಯಿಗೆ ಬರುತ್ತದೆ.

ಇಷ್ಟು ಚೆಂದವಾದದ್ದು ನಿಜವಾಗಿರಲಾರದು ಎಂದು ನನಗೆ ಮೊದಲ ದಿನವೇ ತೋರಿತು. ತನ್ನದೇ ಕತೆಯಲ್ಲಿ ಮುಂದೆ ಏನು ಬರುತ್ತದೆಂದು ಗೊತ್ತಿರುವವಳಿಗೆ ಓದುವ ದರ್ದು ಏನಿದೆ? ನೆನಪಿನಿಂದ ಒಪ್ಪಿಸಿದರೂ ಬೆರಳು ಹಾಳೆಯ ಮೇಲೆ ಚಲಿಸುತ್ತಿರುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಒಂದನೆಯ ತರಗತಿಯಲ್ಲಿ ಇಡೀ ಪಠ್ಯಪುಸ್ತಕವನ್ನು ನಾನು ಹೀಗೇ ‘ಓದು’ತ್ತಿದ್ದೆ. ಮೇಷ್ಟರು ಸದ್ದಿಲ್ಲದೆ ಪುಟ ತಿರುವಿದ ದಿನ, ನವಿಲಿನ ಚಿತ್ರದ ಮೇಲೆ ಬೆರಳಿಟ್ಟು ರೈಲಿನ ಪಾಠವನ್ನು ಶಿಳ್ಳೆಸಮೇತ ಒಪ್ಪಿಸಿದ್ದೆ. ಸಂಸ್ಥೆಯವರು ಕೊಟ್ಟ ಹೊಳಪಿನ ಪುಸ್ತಿಕೆಯಲ್ಲಿ ಪುಟಕ್ಕೊಂದು ಯಶೋಗಾಥೆಯಿತ್ತು. ಪ್ರತಿಯೊಂದರಲ್ಲಿಯೂ ಒಬ್ಬ ಹೆಂಗಸು ಪುಸ್ತಕ ಹಿಡಿದು ನಗುತ್ತಿದ್ದಳು. ಓದುತ್ತಿರುವವರು ಹಾಗೆ ಕ್ಯಾಮೆರಾ ನೋಡಿ ನಗುವುದಿಲ್ಲ. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಚಾಮರಾಜನಗರದಿಂದ ಗುಂಡ್ಲುಪೇಟೆ, ಅಲ್ಲಿಂದ ಬಂಡೀಪುರದ ದಾರಿಯಲ್ಲಿ ಹಂಗಳ. ಅಲ್ಲಿನ ಕೇಂದ್ರ ಸಮುದಾಯ ಭವನದಲ್ಲಿ ಮಧ್ಯಾಹ್ನದ ಊಟವಾದ ಮೇಲೆ, ಸಂಜೆಯ ಹಾಲು ಕರೆಯುವ ಹೊತ್ತಿಗೆ ಮುನ್ನ ನಡೆಯುತ್ತಿತ್ತು. ಕಲಿಸುವವಳು ಅದೇ ಊರಿನ ಸುಮಿತ್ರಾ. ಕಲಿಯುವವರು ಹೊಲಮನೆ, ದನಕರು ನೋಡಿಕೊಳ್ಳುವ ಗೃಹಿಣಿಯರು. ಅನುಮಾನ ನನ್ನೊಬ್ಬಳ ಸ್ವತ್ತೆಂದು ಭಾವಿಸಿ ಹೋದವಳಿಗೆ ಅಲ್ಲಿ ದೊಡ್ಡ ಪೈಪೋಟಿ ಕಾದಿತ್ತು. ನಾನು ಪೆನ್ನು ತೆಗೆದದ್ದೇ ತಡ, ಮುಂದಿನ ಸಾಲಿನಲ್ಲಿದ್ದ ನಾಗಮ್ಮ ವಿಚಾರಣೆ ಆರಂಭಿಸಿದರು.

‘ಬರ್ಕಂಡು ಓಗಿ ಯಾರ್ಗೆ ಕೊಟ್ಟೀರಿ?’

‘ಕಚೇರಿಗೆ.’

‘ಕಚೇರೀಲಿ ಯಾರ್ಗೆ?’

‘ಮೇಲಧಿಕಾರಿಗೆ.’

‘ಅವ್ರು ಯಾರ್ಗೆ ಕೊಟ್ಟಾರು?’

ನನಗೆ ಗೊತ್ತಿರಲಿಲ್ಲ. ಉತ್ತರದಾಯಿತ್ವದ ಬಗ್ಗೆ ಪ್ರಬಂಧ ಮಂಡಿಸಿ ಬಂದವಳು ಮೂರನೆಯ ಮೆಟ್ಟಿಲಿನಲ್ಲೇ ಎಡವಿದೆ. ನಾಗಮ್ಮ ಪಕ್ಕದವರ ಕಡೆ ತಿರುಗಿ, ‘ನೋಡ್ದಾ, ಇವ್ರ್ಗೇ ಗೊತ್ತಿಲ್ಲ’ ಎಂದು ತೀರ್ಪು ಕೊಟ್ಟರು.

ಅಂದು ನಾನು ಕೇಳಿದ ಕತೆಗಳಲ್ಲಿ ಒಂದು ವಿಶೇಷವಿತ್ತು. ಯಾವುದೂ ಹಂಗಳದಲ್ಲಿ ನಡೆದಿರಲಿಲ್ಲ. ದಾಯಾದಿಗಳು ಬದುವಿಗಾಗಿ ಜಗಳವಾಡಿದ್ದು ಬೇಗೂರಿನಲ್ಲಿ. ಸೊಸೆ ಮುನಿಸಿಕೊಂಡು ಬಸ್ಸು ಹತ್ತಿದ್ದೂ ಬೇಗೂರಿನಲ್ಲಿ. ಹೆಸರು ಕೇಳಿದರೆ ‘ಯಾರೋ ಒಬ್ಬೆಂಗ್ಸು’. ಬೇಗೂರು ಇಷ್ಟೊಂದು ಕಲಹಪ್ರಿಯ ಊರೆಂದು ತಿಳಿದು ಆಶ್ಚರ್ಯಪಟ್ಟು, ಮರುವಾರ ಅಲ್ಲಿನ ಕೇಂದ್ರಕ್ಕೆ ಹೋದೆ. ಅಲ್ಲಿ ಕೇಳಿದರೆ ಜಗಳ, ಮುನಿಸು, ಕೋಳಿ ಕದ್ದದ್ದು ಎಲ್ಲವೂ ಹಂಗಳದಲ್ಲಿ ನಡೆದಿದ್ದವು. ಚಾಮರಾಜನಗರದ ಕಡೆಯ ಉಡಿಗಾಲದ ಕೇಂದ್ರದಲ್ಲಂತೂ ಸಮಸ್ತ ಅನಾಹುತಗಳೂ ಗುಂಡ್ಲುಪೇಟೆ ತಾಲ್ಲೂಕಿನವರದೇ ಆಗಿದ್ದವು. ಪೆನ್ನು ಹಿಡಿದವರ ಎದುರು ಸ್ವಂತ ಊರಿನ ಸುದ್ದಿ ಹೇಳಬಾರದೆಂಬ ಈ ಕಟ್ಟಳೆ ಯಾರೂ ಯಾರಿಗೂ ಕಲಿಸಿದ್ದಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಬರೆದುಕೊಳ್ಳಲು ಬರುವವರು ಬರಿಗೈಯಲ್ಲಿ ಹೋಗುವುದಿಲ್ಲವೆಂಬುದು ತಲೆಮಾರುಗಳ ತಿಳಿವಳಿಕೆ. ದನ ಎಲ್ಲಿ ಮೇಯಿತು, ಸೌದೆ ಎಲ್ಲಿಂದ ಬಂತು ಎಂದು ಕೇಳಿ ಬರೆದುಕೊಂಡ ಅರಣ್ಯ ಇಲಾಖೆಯವರು ಆಮೇಲೆ ಓದಿ ಹೇಳಿದ್ದಾರೆ. ಇವರು ಕೇಳಿ ಒಪ್ಪಿದ್ದಾರೆ.

ಈ ಸೀಮೆಯ ಹೊಲದ ಬದುಗಳಲ್ಲಿ, ಗುಡಿಯ ಮಗ್ಗುಲಲ್ಲಿ ಅಲ್ಲಲ್ಲಿ ಹಳೆಯ ಶಾಸನದ ಕಲ್ಲುಗಳಿವೆ. ಅರ್ಧ ಹೂತುಹೋಗಿ, ಎಮ್ಮೆಗಳು ಮೈ ಉಜ್ಜಿ ಉಜ್ಜಿ ಸವೆದಿರುವ ಕಲ್ಲುಗಳು. ಅವುಗಳನ್ನು ಓದಲು ಕಲಿತ ಕಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದಾನ ಕೊಟ್ಟ ಅರಸನ ಬಿರುದಾವಳಿಯಲ್ಲ. ಕೆಲವು ಕಲ್ಲುಗಳ ಅಡಿಯಲ್ಲಿ ಬರೆದವನ ಹೆಸರೂ ಕೆತ್ತಿದವನ ಹೆಸರೂ ಇರುತ್ತವೆ. ಬರೆದದ್ದಕ್ಕೆ ನಾನು ಹೊಣೆ ಎಂದು ಒಬ್ಬ ಕಲ್ಲುಕುಟಿಗ ಕೆತ್ತಿಟ್ಟು ಹೋಗಿದ್ದಾನೆ. ಕಾಗದ ಬಂದ ಮೇಲೆ ಆ ಮರ್ಯಾದೆ ಹೋಯಿತು. ಹಾಗೆಂದು ಹಳೆಯ ಕಾಲವನ್ನು ಹೊಗಳುವುದಕ್ಕೂ ನನಗೆ ಅನುಮಾನವೇ. ಆ ಕಲ್ಲಿನ ಮೇಲೆ ಏನಿದೆಯೆಂದು ಆ ಹೊಲ ಉತ್ತವಳಿಗೆ ಯಾರಾದರೂ ಓದಿ ಹೇಳಿದ್ದರೇ?

ಎರಡನೆಯ ಭೇಟಿಯಲ್ಲಿ ಚಿಕ್ಕತಾಯಮ್ಮ ಕಟ್ಟಳೆ ಮುರಿದರು. ಅವರು ನಾಗಮ್ಮನ ಓರಗಿತ್ತಿ, ವಯಸ್ಸಿನಲ್ಲಿ ಹಿರಿಯರು, ಊರಿನ ಮಹಿಳಾ ಹಾಲಿನ ಸಂಘಕ್ಕೆ ಹೊಸದಾಗಿ ಅಧ್ಯಕ್ಷೆಯಾದವರು. ಓದು ಕಲಿಯಲು ಬಂದದ್ದೇಕೆಂದು ಕೇಳಿದಾಗ, ಪುಸ್ತಿಕೆಯವರು ಅಪೇಕ್ಷಿಸುವ ‘ಜ್ಞಾನದ ಬೆಳಕು’ ಇತ್ಯಾದಿ ಏನನ್ನೂ ಅವರು ಹೇಳಲಿಲ್ಲ.

‘ಮೀಟಿಂಗು ನಡೀತದೆ ಮೇಡಮ್ಮೋರೆ. ಸೆಕ್ರೆಟ್ರಿ ನಡವಳಿ ಬರ್ದು ಓದಿ ಯೋಳ್ತಾನೆ, ನಾನು ಸೈನು ಆಕ್ತೀನಿ. ಒಳ್ಳೆ ಉಡ್ಗನೇ, ಇಲ್ಲ ಅನ್ನಕಿಲ್ಲ. ಆದ್ರೆ ಬಲು ಬಿರ್ರನೆ ಓದ್ತಾನೆ. ನಂಗೆ ಅದೇ ಅನ್ಮಾನ. ವರ್ಸದ್ ಸಭೆ ಬತ್ತಾ ಅದೆ. ಅಷ್ಟ್ರೊಳ್ಗೆ ನಾನೇ ಓದಿ ಆಕ್ಬೇಕು ಸೈನ.’

ನನ್ನ ಜಾತಿಯ ಮನುಷ್ಯರು ಸಿಕ್ಕರೆಂದು ಒಳಗೊಳಗೆ ಹಿಗ್ಗಿದೆ. ಆದರೆ ಅದನ್ನು ಮುಖದ ಮೇಲೆ ತೋರಿಸಲಿಲ್ಲ. ಅವರು ಹೇಳಿದ ಕತೆ ಗೋಡೆಯ ಹಾಳೆಯ ಮೇಲೆ ಹೀಗಿತ್ತು:

‘ನಮ್ಮ ಒಲ್ದಲ್ಲಿ ಸೂರ್ಯಕಾಂತಿ ಬಿಟ್ಟಿತ್ತು. ಕೇರಳದೋರು ಕಾರಲ್ಲಿ ಬಂದ್ರು. ಮದ್ವೆ ಉಡ್ಗಿ ಬಂಗಾರದ ಅಂಚಿನ ಬಿಳೀ ಸೀರೆ ಉಟ್ಕಂಡು ಪೋಟ ತೆಗಿಸ್ಕಳಕೆ ಇಳುದ್ಲು. ನಮ್ಮ ಅಸ ಗೂಟ ಕಿತ್ಕಂಡು ಬಂದ್ಬುಡ್ತು. ಉಡ್ಗಿ ಓಡುದ್ಲು. ಉಡ್ಗ ಅವ್ಳ್ಗಿಂತ ಮುಂದೇ ಓಡ್ಬುಟ್ಟ.’

ಗುಂಡ್ಲುಪೇಟೆಯ ಸುತ್ತಿನ ಹೊಲಗಳಲ್ಲಿ ಸೂರ್ಯಕಾಂತಿ ಅರಳಿದ ಕಾಲದಲ್ಲಿ ಕೇರಳದ ಕಾರುಗಳು ರಸ್ತೆಯ ಪಕ್ಕ ಸಾಲುಗಟ್ಟುವುದನ್ನು ನೀವೂ ನೋಡಿರಬಹುದು. ಹಸು ಅಟ್ಟಿಸಿಕೊಂಡು ಬಂದ ಕತೆ ಮುಗಿದಾಗ ಭವನವಿಡೀ ನಗುತ್ತಿತ್ತು. ‘ಒಲ್ದೊಳಕ್ಕೆ ಇಳಿಬ್ಯಾಡಿ’ ಎಂದು ತಮ್ಮ ಕೈಯಾರೆ ಒಂದು ಬೋರ್ಡು ಬರೆದು ನಿಲ್ಲಿಸಬೇಕೆಂಬ ಆಸೆಯನ್ನೂ ಚಿಕ್ಕತಾಯಮ್ಮ ಹೇಳಿಕೊಂಡರು.

‘ಬರುದ್ರೆ ಓದೋರು ಯಾರಕ್ಕ?’ ಎಂದರು ನಾಗಮ್ಮ. ‘ಅವ್ರಿಗ್ ಕನ್ನಡ ಬಂದದ?’

‘ಅವ್ರು ಓದ್ದೆ ಇದ್ರೆ ಅಸ ಅದೆ ಸುಮ್ಕಿರಮ್ಮಿ.’

ಮುಂದಿನ ವಾರ ಚಿಕ್ಕತಾಯಮ್ಮ ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಎಡವಲಿಲ್ಲ, ನಿಲ್ಲಲಿಲ್ಲ. ಸುಮಿತ್ರಾ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನನಗೆ ನವಿಲಿನ ಪುಟದ ರೈಲು ನೆನಪಾಯಿತು.

ನನ್ನ ವಾದವನ್ನು ನಾನೇ ಎದುರಿಸಿದ್ದೂ ಉಂಟು. ಮಾತಿನ ಲೋಕದಲ್ಲಿ ಬದುಕಿದವರು ಕತೆಯನ್ನು ಇದ್ದದ್ದು ಇದ್ದಂತೆ ಒಪ್ಪಿಸುವುದಿಲ್ಲ. ನಮ್ಮ ಕಡೆ ರಾತ್ರಿಯಿಡೀ ಜನಪದ ಕಾವ್ಯ ಹಾಡುವ ನೀಲಗಾರರನ್ನು ಕೇಳಿದವರಿಗೆ ಇದು ತಿಳಿದಿರುತ್ತದೆ. ಒಂದೂರಿನಲ್ಲಿ ಎರಡು ಸಾಲಿನಲ್ಲಿ ಮುಗಿದ ಪ್ರಸಂಗ, ಕೇಳುವವರ ಮುಖ ನೋಡಿ, ಇನ್ನೊಂದೂರಿನಲ್ಲಿ ಗಂಟೆಗಟ್ಟಲೆ ಬೆಳೆಯುತ್ತದೆ. ಅಕ್ಷರಶಃ ನೆನಪಿಟ್ಟುಕೊಳ್ಳುವ ರೋಗ ಶಾಲೆಗೆ ಹೋದವರದು. ಹಾಗಿದ್ದರೆ, ಒಂದು ಪದವನ್ನೂ ಆಚೀಚೆ ಮಾಡದೆ ಹೇಳಿದ ಚಿಕ್ಕತಾಯಮ್ಮ ನಿಜಕ್ಕೂ ಓದಿರಬೇಕಲ್ಲವೇ? ವಾದ ಸೊಗಸಾಗಿತ್ತು. ಆದರೆ ಸೊಗಸಾದ ವಾದಗಳ ಮೇಲೂ ನನಗೆ ಅನುಮಾನವಿದ್ದುದರಿಂದ, ಪರೀಕ್ಷೆ ಮಾಡಿಯೇ ತೀರುವುದೆಂದು ನಿಶ್ಚಯಿಸಿದೆ. ನನ್ನ ಒಂದು ಹಾಳೆಯ ವರದಿಯ ಮೇಲೆ ಆ ಕೇಂದ್ರದ ಉಳಿವು ನಿಂತಿತ್ತು. ಓದುತ್ತಿಲ್ಲವೆಂದು ನಾನು ಬರೆದರೆ ಹಂಗಳದ ಕೇಂದ್ರ ಮುಚ್ಚಿ ಬೇಗೂರಿನದಕ್ಕೆ ಸೇರುತ್ತದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಬೇಗೂರಿಗೆ ಹೋಗಿ ಕಲಿತು, ಹಾಲು ಕರೆಯುವ ಹೊತ್ತಿಗೆ ಹಿಂದಿರುಗುವುದು ಯಾರಿಂದಲೂ ಆಗದ ಮಾತು. ಅದು ಎಲ್ಲರಿಗೂ ಗೊತ್ತಿತ್ತು. ವರ್ಷದ ಸಭೆ ಹತ್ತಿರವಾಗುತ್ತಿದ್ದ ಚಿಕ್ಕತಾಯಮ್ಮನಿಗಂತೂ ಚೆನ್ನಾಗಿ ಗೊತ್ತಿತ್ತು.

ಕೊನೆಯ ಭೇಟಿಯ ದಿನ ನಾನು ಬೇಗನೆ ಹೋದೆ. ಹಳೆಯ ಹಾಳೆ ಹರಿಯುತ್ತಿದೆಯೆಂಬ ನೆಪ ಮಾಡಿ, ಸೂರ್ಯಕಾಂತಿಯ ಕತೆಯನ್ನು ನನ್ನ ಕೈಯಿಂದಲೇ ಹೊಸ ಹಾಳೆಗೆ ಇಳಿಸಿದೆ. ಎಲ್ಲ ಸಾಲುಗಳನ್ನೂ ಇದ್ದಂತೆಯೇ ಬರೆದು, ಕೊನೆಯದನ್ನು ಮಾತ್ರ ಬದಲಾಯಿಸಿದೆ: ‘ಉಡ್ಗ ಅವ್ಳ ಕೈ ಇಡ್ಕಂಡು ಓಡ್ದ.’ ಗುಟ್ಟಾಗಿ ಹೇಳಿಕೊಟ್ಟಾಳೆಂದು ಸುಮಿತ್ರಾಳನ್ನು ಹೊರಗೆ ಕಳಿಸಿದೆ. ಎಲ್ಲರೂ ಬಂದು ಕುಳಿತ ಮೇಲೆ ಚಿಕ್ಕತಾಯಮ್ಮನನ್ನು ಓದಲು ಕರೆದೆ.

ಅವರು ಸೆರಗು ಸರಿಮಾಡಿಕೊಂಡು ಎದ್ದು ಬಂದು ಬೆರಳಿಟ್ಟು ಓದಿದರು. ಸೂರ್ಯಕಾಂತಿ ಬಿಟ್ಟಿತು, ಕಾರು ಬಂತು, ಉಡ್ಗಿ ಇಳಿದಳು, ಅಸ ಗೂಟ ಕಿತ್ತಿತು. ಕೊನೆಯ ಸಾಲಿನಲ್ಲಿ ಬೆರಳು ಒಂದು ಗಳಿಗೆ ನಿಂತಿತು. ಅವರು ನನ್ನನ್ನೊಮ್ಮೆ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿ, ಸ್ಪಷ್ಟವಾದ ದನಿಯಲ್ಲಿ ಓದಿದರು:

‘ಉಡ್ಗ ಅವ್ಳ್ಗಿಂತ ಮುಂದೇ ಓಡ್ಬುಟ್ಟ.’

ಎಂದಿನಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ನಗುವಿಗೆ ಕಾರಣ ಬೇರೆಯಿತ್ತು. ಕಳ್ಳ ಸಿಕ್ಕಿಬಿದ್ದ ಸಂತೋಷ ಎಷ್ಟು ಶುದ್ಧವಾದದ್ದೆಂಬುದನ್ನು ಪತ್ತೇದಾರರು ಮಾತ್ರ ಬಲ್ಲರು. ಭವನದ ಜಗಲಿಗೆ ಬಂದು ಕುಳಿತು ವರದಿ ಬರೆಯತೊಡಗಿದೆ. ಕೈಬರಹದಲ್ಲಿ ಸ್ಥಳದಲ್ಲಿಯೇ ಬರೆದು, ಮೊಬೈಲಿನಲ್ಲಿ ಫೋಟೋ ತೆಗೆದು ಕಚೇರಿಗೆ ಕಳಿಸುವುದು ಸಂಸ್ಥೆಯ ನಿಯಮ. ‘ಕಲಿಯುವವರು ಓದುತ್ತಿಲ್ಲ. ತಾವು ಹೇಳಿದ್ದನ್ನು ನೆನಪಿನಿಂದ ಒಪ್ಪಿಸುತ್ತಿದ್ದಾರೆ. ಈ ಕೇಂದ್ರವನ್ನು ಬೇಗೂರಿನ ಕೇಂದ್ರದೊಡನೆ ಸೇರಿಸಬಹುದು.’ ಚಿಕ್ಕ, ನೇರ, ನಿರ್ದಾಕ್ಷಿಣ್ಯ ವಾಕ್ಯಗಳು. ಬರೆದು ನಾನೇ ಮೆಚ್ಚಿಕೊಂಡೆ.

ಫೋಟೋ ತೆಗೆಯಲು ಮೊಬೈಲನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಚಿಕ್ಕತಾಯಮ್ಮ ಒಂದು ಲೋಟ ಮಜ್ಜಿಗೆ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಅವರ ಹಿಂದೆಯೇ ನಾಗಮ್ಮ, ಅವರ ಹಿಂದೆ ಉಳಿದವರು, ಎಲ್ಲರ ಹಿಂದೆ ಸುಮಿತ್ರಾ.

‘ನಮ್ ಇಸ್ಯ ಏನ್ ಬರುದ್ರಿ ಮೇಡಮ್ಮೋರೆ? ವಸಿ ಓದಿ ಯೋಳಿ.’

ಮಜ್ಜಿಗೆಗೆ ಕೊತ್ತಂಬರಿ, ಶುಂಠಿ ಹಾಕಿದ್ದರು. ಒಂದು ಗುಟುಕು ಕುಡಿದಾಗಿತ್ತು. ಆ ಮಜ್ಜಿಗೆ ಗಂಟಲಿನಲ್ಲಿರುವಾಗ ‘ಒಪ್ಪಿಸುತ್ತಿದ್ದಾರೆ’ ಎಂಬ ಪದ ಹೇಗೆ ಹೊರಬಂದೀತು? ನಾನು ಹಾಳೆಯನ್ನು ಎತ್ತಿ ಹಿಡಿದು, ಸ್ವಲ್ಪವೂ ತಡವರಿಸದೆ ಓದಿದೆ:

‘ಕಲಿಯುವವರು ಓದುತ್ತಿದ್ದಾರೆ. ತಾವು ಹೇಳಿದ್ದನ್ನು ಚೆನ್ನಾಗಿ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ. ಈ ಕೇಂದ್ರಕ್ಕೆ ಹೆಚ್ಚಿನ ಗಮನ ಕೊಡಬಹುದು.’

‘ಪರ್ವಾಗಿಲ್ವೆ’ ಎಂದರು ನಾಗಮ್ಮ. ಚಿಕ್ಕತಾಯಮ್ಮ ನನ್ನ ಮುಖವನ್ನೇ ನೋಡಿ ಕೈ ಚಾಚಿದರು.

‘ಕೊಡಿ ಇತ್ತಾಗೆ.’

ಕೊಡದಿರಲು ನನ್ನಲ್ಲಿ ಕಾರಣವಿರಲಿಲ್ಲ. ಇನ್ನೂ ನಿಜ ಹೇಳುವುದಾದರೆ, ಭಯವೂ ಇರಲಿಲ್ಲ. ಅವರಿಗೆ ಓದು ಬರುವುದಿಲ್ಲವೆಂದು ಈಗಷ್ಟೇ ವೈಜ್ಞಾನಿಕವಾಗಿ ಸಾಬೀತುಮಾಡಿದ್ದೆನಲ್ಲ. ಅವರು ಹಾಳೆಯನ್ನು ಮಡಿಲಲ್ಲಿ ಹರಡಿಕೊಂಡು, ಬೆರಳನ್ನು ಮೊದಲ ಸಾಲಿಗೆ ಇಡದೆ, ನೇರವಾಗಿ ಕೊನೆಯ ಸಾಲಿನ ನಡುವೆ ಇಟ್ಟರು.

‘ಇಲ್ಲಿ ಬೇಗೂರು ಅಂತ ಅದೆ. ಬಸ್ಸಿನ ಬೋರ್ಡಲ್ಲಿ ದಿನಾ ನೋಡ್ತೀನಿ. ನೀವು ಓದ್ದಾಗ ಬೇಗೂರು ಬರ್ನೇ ಇಲ್ವಲ್ಲ?’

ಆಮೇಲೆ ಅವರು ಮೊದಲಿನಿಂದ ಶುರುಮಾಡಿದರು. ಈ ಸಲ ಗೋಡೆಯ ಹಾಳೆಯ ಸಲೀಸು ಇರಲಿಲ್ಲ. ಹೊಲದಲ್ಲಿ ಕಲ್ಲು ಸಿಕ್ಕಿದ ನೇಗಿಲಿನಂತೆ ನಿಂತು, ಹಿಂದೆ ಸರಿದು, ಮತ್ತೆ ಒತ್ತಿ, ಮುಂದೆ ಹೋದರು. ‘ಕಲಿ... ಯುವ... ವರು. ಕಲಿಯುವವರು. ಓದು... ತ್ತಿ... ಲ್ಲ.’ ಅಲ್ಲಿ ನಿಂತರು. ಇನ್ನೊಮ್ಮೆ ಓದಿದರು. ‘ಓದುತ್ತಿಲ್ಲ.’ ‘ಒಪ್ಪಿಸುತ್ತಿದ್ದಾರೆ’ ಎಂಬ ಪದ ದಾಟಲು ಬಹಳ ಹೊತ್ತು ಹಿಡಿಯಿತು. ಅಷ್ಟು ಉದ್ದದ ಪದ ಬರೆದದ್ದಕ್ಕೆ ನಾನು ಜೀವನದಲ್ಲಿ ಅಷ್ಟು ಪಶ್ಚಾತ್ತಾಪಪಟ್ಟದ್ದಿಲ್ಲ. ಎಲ್ಲವನ್ನೂ ಓದಿ ಮುಗಿಸಿ ಅವರು ತಲೆಯೆತ್ತಿದರು. ಕೋಪವೇನೂ ಕಾಣಲಿಲ್ಲ. ಬದಲಿಗೆ, ಗೊತ್ತಿದ್ದ ನೆಂಟರನ್ನು ಗುರುತು ಹಿಡಿದವರ ಮುಖವಾಗಿತ್ತು ಅದು.

‘ಸರಿ ಬುಡಿ. ನಾನ್ ಮಾಡಿದ್ನೇ ನೀವೂ ಮಾಡುದ್ರಿ.’

‘ನೀವೇನು ಮಾಡಿದಿರಿ?’

‘ಆಗ್ಲೆ ಗೋಡೇಲಿ ತಪ್ಪು ಬರ್ದಿದ್ರಿ. ಕೈ ಇಡ್ಕಂಡು ಓಡ್ದ ಅಂತ. ಎಲ್ರೆದುರ್ಗೂ ಯೋಳುದ್ರೆ ನಿಮ್ಗೆ ಅವಮಾನ, ಓದ್ಕಂಡ್ ಬಂದೋರು ಅಂತ, ನಾನೇ ಸರಿ ಮಾಡಿ ಓದ್ಬುಟ್ಟೆ.’ ಸ್ವಲ್ಪ ತಡೆದು ಸೇರಿಸಿದರು: ‘ಪಾಪ, ಇನ್ನೂ ಮದ್ವೆ ಆಗಿಲ್ಲ, ಗಂಡಸ್ರು ಕೈ ಇಡ್ಕಂಡು ಓಡ್ತಾರೆ ಅಂತ ಅನ್ಕಂಡವ್ಳೆ ಮಗ ಅಂದ್ಕಂಡೆ.’

ಜಗಲಿ ನಕ್ಕ ನಗುವಿಗೆ ಎದುರಿನ ಗುಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಬೇರೆ ಕಡೆ ಹೋಯಿತು.

ನಾನೊಬ್ಬ ಅನುಮಾನದ ಪ್ರಾಣಿಯೆಂದು ಮೊದಲೇ ಹೇಳಿದ್ದೇನೆ. ಈ ವಿವರಣೆಯನ್ನೂ ಅನುಮಾನಿಸಲು ಮನಸ್ಸು ಒಂದು ಕ್ಷಣ ಹವಣಿಸಿತು. ನಾನು ಬದಲಾಯಿಸಿದ್ದನ್ನು ಆಮೇಲೆ ಯಾರಾದರೂ ನೋಡಿ ಹೇಳಿರಬಹುದೇ? ಸುಮಿತ್ರಾ ಕಿಟಕಿಯಿಂದ ಸನ್ನೆ ಮಾಡಿರಬಹುದೇ? ಆದರೆ ನನ್ನ ವರದಿಯಲ್ಲಿ ಬೇಗೂರು ಇದೆಯೆಂದು ಹೇಳಿಕೊಡಲು ಲೋಕದಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಅದು ಅವರು ಹೇಳಿದ ಕತೆಯಾಗಿರಲಿಲ್ಲ, ಅವರ ಮಾತಿನ ಕನ್ನಡವೂ ಆಗಿರಲಿಲ್ಲ. ಸಭ್ಯತೆಗಾಗಿ ಪರೀಕ್ಷೆಯಲ್ಲಿ ಸೋತವರು ನನ್ನ ವರದಿಯನ್ನೇ ಓದಿ ತೇರ್ಗಡೆಯಾಗಿದ್ದರು. ನನ್ನ ಪರೀಕ್ಷೆಯಲ್ಲಿ ಎಲ್ಲ ಸಾಧ್ಯತೆಗಳಿಗೂ ಜಾಗವಿತ್ತು, ಕಲಿಯುವವಳು ಪರೀಕ್ಷಿಸುವವಳ ಮಾನ ಕಾಯುತ್ತಾಳೆಂಬ ಒಂದನ್ನು ಬಿಟ್ಟು. ಆದರೆ ಆ ದಾಕ್ಷಿಣ್ಯಕ್ಕೆ ಅವರು ತಮ್ಮ ಓದನ್ನೇ ಬೆಲೆಯಾಗಿ ಕೊಡುವುದರಲ್ಲಿದ್ದರು. ಮಜ್ಜಿಗೆಯ ದಾಕ್ಷಿಣ್ಯಕ್ಕೆ ನಾನೂ ಬೆಲೆ ಕೊಟ್ಟೆ, ಮುಚ್ಚಿಹೋಗಲಿದ್ದ ಅವರ ಕೇಂದ್ರದ ಖಾತೆಯಿಂದ.

ನಗು ತಗ್ಗಿದಾಗ ಚಿಕ್ಕತಾಯಮ್ಮ ಹಾಳೆಯನ್ನು ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು: ‘ಬರ್ದಿರೋದು ಒಂದು, ಓದೋದು ಒಂದು. ಮಾಡಕೆ ಎಷ್ಟು ಸಲೀಸು ನೋಡು. ನಮ್ಮಂಥ ಒಳ್ಳೇರೇ ಮಾಡ್ಬುಟ್ವಿ. ಸೆಕ್ರೆಟ್ರಿನೂ ಒಳ್ಳೆ ಉಡ್ಗನೇ.’

‘ಓದಿ ಹೇಳಲಾಯಿತು’ ಎಂಬ ವಾಕ್ಯದ ಮೇಲೆ ನಾನು ಇಷ್ಟು ವರ್ಷ ಮಾಡಿದ ಅನುಮಾನವೆಲ್ಲ ಕೆಟ್ಟವರ ಕುರಿತಾಗಿತ್ತು. ಆ ವಾಕ್ಯದ ಹಿಂದೆ ಮರುಕವಿರುವವರೂ ಅಡಗಿರಬಹುದು, ಎದುರಿಗಿರುವವರ ಮನಸ್ಸು ನೋಯಬಾರದೆಂದು ಬಯಸುವವರೂ ಅಡಗಿರಬಹುದು, ಮಜ್ಜಿಗೆ ಕುಡಿದವರೂ ಅಡಗಿರಬಹುದು ಎಂದು ನನಗೆ ಹೊಳೆದಿರಲಿಲ್ಲ. ಹೆಬ್ಬೆಟ್ಟು ಒತ್ತಿದವರಿಗೆ ಇದರಿಂದ ವ್ಯತ್ಯಾಸವೇನೂ ಇಲ್ಲ. ಒಳ್ಳೆಯವರು ಹಾರಿಸಿದ ಸಾಲೂ ಹಾರಿಸಿದ ಸಾಲೇ.

‘ಬೇರೆ ಹಾಳೆಯಲ್ಲಿ ಬರೆಯುತ್ತೇನೆ, ಇದನ್ನು ಹರಿದುಬಿಡೋಣ’ ಎಂದೆ.

‘ಹರಿಬ್ಯಾಡಿ’ ಎಂದರು ಚಿಕ್ಕತಾಯಮ್ಮ. ‘ಬರ್ದೋರು ನೀವು, ನಿಮ್ಮ ಎಸ್ರು ಅದೆ. ಇರ್ಲಿ. ಕೆಳ್ಗೆ ಜಾಗ ಅದಲ್ಲ, ಪೆನ್ನು ಕೊಡಮ್ಮಿ.’

ಮೇಡಮ್ಮೋರು ಕರಗಿ ಅಮ್ಮಿಯಾದದ್ದನ್ನು ನಾನು ಆಗ ಗಮನಿಸಲಿಲ್ಲ, ಬಸ್ಸಿನಲ್ಲಿ ನೆನಪಾಯಿತು. ಅವರು ನನ್ನ ಸಹಿಯ ಕೆಳಗೆ, ಹಾಳೆಯ ಮೇಲೆ ಮೊಣಕೈಯೂರಿ, ಉಸಿರು ಬಿಗಿಹಿಡಿದು ಬರೆದರು. ಅಕ್ಷರಗಳು ದೊಡ್ಡವಾಗಿದ್ದವು, ಸಾಲು ಇಳಿಜಾರಾಗಿತ್ತು. ಬರೆದದ್ದು ಇಷ್ಟು: ‘ಓದ್ದೆ. ಸರಿ ಇಲ್ಲ. ಚಿಕ್ಕತಾಯಮ್ಮ.’

‘ಮೇಷ್ಟ್ರಂಗೆ ಮಾರ್ಕ್ಸು ಆಕ್ಬುಟ್ಲಲ್ಲಪ್ಪ’ ಎಂದರು ನಾಗಮ್ಮ.

ಅದನ್ನೇ ಫೋಟೋ ತೆಗೆದು ಕಳಿಸಿದೆ. ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಮೇಲಧಿಕಾರಿಗಳ ಫೋನು ಬಂತು. ‘ಏನಮ್ಮ ಇದು, ವರದಿಯ ಮೇಲೆ ಯಾರೋ ಏನೋ ಬರೆದುಬಿಟ್ಟಿದ್ದಾರೆ?’ ಎಂದರು. ‘ಸರ್, ವರದಿ ಅದೇ. ಮೇಲಿನ ಮೂರು ಸಾಲು ಬಿಟ್ಟುಬಿಡಿ’ ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು; ಹಂಗಳದ ಕೇಂದ್ರವಂತೂ ಹಂಗಳದಲ್ಲಿಯೇ ಉಳಿದಿದೆ. ವರ್ಷದ ಸಭೆಯ ಸುದ್ದಿಯನ್ನು ಸುಮಿತ್ರಾ ಫೋನಿನಲ್ಲಿ ಹೇಳಿದಳು. ಕಾರ್ಯದರ್ಶಿ ನಡವಳಿ ಓದಲು ಎದ್ದು ನಿಂತಾಗ ಅಧ್ಯಕ್ಷೆ ಕೈ ಚಾಚಿ ‘ಕೊಡಪ್ಪ ಇತ್ತಾಗೆ’ ಅಂದರಂತೆ. ಅವರು ಓದಿ ಮುಗಿಸುವವರೆಗೆ ಇಡೀ ಸಭೆ ಕಾದು ಕುಳಿತು, ಹಂಚಿದ ಕಾಫಿಯೆಲ್ಲ ಆರಿತಂತೆ. ಕೊನೆಗೆ ಅವರು ಸಹಿ ಹಾಕಿದರಂತೆ. ನಡವಳಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತಂತೆ. ಆದರೂ ಮುಂದಿನ ಸಲ ನಿಧಾನವಾಗಿ ಬರೆಯಬೇಕೆಂದು ಆ ಹುಡುಗನಿಗೆ ತಾಕೀತು ಮಾಡಿದ್ದಾರಂತೆ.

ಈ ಪ್ರಬಂಧ ಅಚ್ಚಾದರೆ ಒಂದು ಪ್ರತಿಯನ್ನು ಹಂಗಳಕ್ಕೆ ಒಯ್ಯಬೇಕು. ನಾನೇ ಓದಿ ಹೇಳುವುದಿಲ್ಲ. ಆ ಚಾಳಿಯನ್ನು ಬಿಟ್ಟಿದ್ದೇನೆ. ಅವರ ಕೈಗೇ ಕೊಟ್ಟು, ಮಜ್ಜಿಗೆ ಮುಟ್ಟದೆ ಪಕ್ಕದಲ್ಲಿ ಕುಳಿತಿರುತ್ತೇನೆ. ಅವರು ಆಡಿದ ಮಾತನ್ನು ಆಡಿದಂತೆಯೇ ಬರೆದಿದ್ದೇನೆಂದು ನಾನು ಹೇಳಿದರೆ ನೀವು ನಂಬಬೇಕಾಗಿಲ್ಲ, ಅವರೂ ನಂಬುವುದಿಲ್ಲ. ಎಲ್ಲಿಯಾದರೂ ಸ್ವಲ್ಪ ಚೆಂದ ಮಾಡಿರುವೆನೆಂಬ ಅನುಮಾನ ನನಗೇ ಇದೆ. ಸಂಪಾದಕರಲ್ಲಿ ಒಂದು ಕೋರಿಕೆ: ಕೊನೆಯ ಸಾಲಿನ ಕೆಳಗೆ ಜಾಹೀರಾತು ಹಾಕಬೇಡಿ. ದೊಡ್ಡ ಅಕ್ಷರದ, ಇಳಿಜಾರಾದ ಒಂದು ಸಾಲು ಹಿಡಿಸುವಷ್ಟು ಜಾಗ ಬೇಕಾಗಬಹುದು.